ಥ್ರಿಪ್ಸ್ ನುಸಿಗಳ ಗುರುತು
ಪೈರುಗಳ ಮೇಲಿನ ಮುಖ್ಯ ಜಾತಿಗಳನ್ನು ಅಂಗಲಕ್ಷಣಗಳಿಂದ ತಿಳಿಯುವ ಕ್ರಮ

ಮೆಣಸಿನಕಾಯಿ, ಈರುಳ್ಳಿ, ಕಡಲೆಕಾಯಿ, ಬತ್ತ, ಏಲಕ್ಕಿ ಮೊದಲಾದ ಪೈರುಗಳ ರಸವನ್ನು ಹೀರಿ ನಷ್ಟವನ್ನುಂಟುಮಾಡುವ ಹುಳುಗಳಲ್ಲಿ ಥ್ರಿಪ್ಸ್ ಎಂಬುವು ಮುಖ್ಯವಾದುವು. ಇವು ಅತಿ ಸಣ್ಣವಾಗಿರುವುದರಿಂದ ಬೇಸಾಯಗಾರನ ಕಣ್ಣಿಗೆ ಮೊದಲು ಬೀಳುವುದು ಹುಳುವಲ್ಲ, ಹುಳು ಮಾಡಿದ ಹಾನಿ. ಎಲೆ ಮುರುಟಿಕೊಂಡ ಮೇಲೆ, ಹೂವು ಉದುರಿದ ಮೇಲೆ, ಪೇಟೆಯಿಂದ ಯಾವುದಾದರೊಂದು ಔಷಧವನ್ನು ತಂದು ಎರಚುವುದು ಸಾಮಾನ್ಯವಾದ ರೂಢಿ. ಆ ಔಷಧವು ಒಂದು ಜಾತಿಯ ಹುಳುವಿಗೆ ತಕ್ಕದ್ದಾಗಿದ್ದು ಗಿಡದ ಮೇಲಿರುವುದು ಬೇರೊಂದು ಜಾತಿಯಾಗಿದ್ದರೆ ಹಣವೂ ಶ್ರಮವೂ ವ್ಯರ್ಥವಾಗುವುವು. ಅಷ್ಟೇ ಅಲ್ಲದೆ ಪೈರಿಗೆ ಉಪಕಾರಿಗಳಾದ ಹುಳುಗಳೂ ಸತ್ತು, ಹಾವಳಿಯು ಮೊದಲಿಗಿಂತ ಹೆಚ್ಚುವುದೂ ಉಂಟು. ಆದಕಾರಣ ಜಮೀನುದಾರರೂ ಗ್ರಾಮದ ಮುಖಂಡರೂ ಈ ಹುಳುಗಳ ಗುರುತನ್ನು ತಕ್ಕಮಟ್ಟಿಗೆ ತಿಳಿದಿರುವುದು ಅವಶ್ಯಕ.

ಹೆಸರಿನಲ್ಲಿಯೇ ಒಂದು ತೊಡಕುಂಟು. ಕನ್ನಡದಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಹುಳುವನ್ನೆಲ್ಲ ನುಸಿಯೆಂದು ಕರೆಯುವುದು ವಾಡಿಕೆ. ಥ್ರಿಪ್ಸ್ ಎಂಬುದೂ ನುಸಿಯೇ, ಮೈಟ್ ಎಂಬುದೂ ನುಸಿಯೇ. ಇವೆರಡಕ್ಕೂ ಇರುವ ಭೇದವು ಇರುವೆಗೂ ಜೇಡಕ್ಕೂ ಇರುವ ಭೇದದಷ್ಟು ದೊಡ್ಡದು. ಥ್ರಿಪ್ಸ್ ಕೀಟವರ್ಗಕ್ಕೆ ಸೇರಿದುದು. ಅದಕ್ಕೆ ಆರು ಕಾಲು, ಒಂದು ಜೊತೆ ಮೀಸೆ, ಬೆಳೆದ ಮೇಲೆ ಸಾಧಾರಣವಾಗಿ ನಾಲ್ಕು ರೆಕ್ಕೆಗಳು. ಮೈಟ್ ಜೇಡನ ಬಳಗಕ್ಕೆ ಸೇರಿದುದು. ಬೆಳೆದ ಮೈಟ್‌ಗೆ ಎಂಟು ಕಾಲು, ಮೀಸೆಯಿಲ್ಲ, ರೆಕ್ಕೆಯೂ ಇಲ್ಲ. ಒಂದನ್ನು ಕೊಲ್ಲುವ ಔಷಧವು ಇನ್ನೊಂದನ್ನು ಕೊಲ್ಲುವುದೆಂಬ ಭರವಸೆಯಿಲ್ಲ. ಅಂಗಡಿಯಲ್ಲಿ ಕೇವಲ “ನುಸಿಗೆ ಔಷಧ ಕೊಡಿ” ಎಂದು ಕೇಳಿದವನಿಗೆ ಯಾವುದು ದೊರೆಯುವುದೆಂಬುದು ಅವನ ಅದೃಷ್ಟಕ್ಕೆ ಬಿಟ್ಟ ವಿಷಯ.

ಹುಳುವಿನ ಸಾಮಾನ್ಯ ರೂಪ

ಪೈರುಗಳಿಗೆ ಹಾನಿಮಾಡುವ ಥ್ರಿಪ್ಸ್‌ಗಳಲ್ಲಿ ಬಹುತೇಕ ಜಾತಿಗಳ ಉದ್ದ ಒಂದರಿಂದ ಎರಡು ಮಿಲಿಮೀಟರು. ಅಂದರೆ ಒಂದು ಅಂಗುಲವನ್ನು ಇಪ್ಪತ್ತೈದು ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗ ಮಾತ್ರ. ಮೈ ನೀಳವಾಗಿ, ಕಿರಿದಾದ ಜೀರಿಗೆಯ ಕಾಳಿನಂತೆ ಎರಡು ತುದಿಗಳಲ್ಲೂ ಸಣ್ಣಗಾಗಿರುವುದು. ಇವುಗಳ ರೆಕ್ಕೆಯು ನೊಣ ಚಿಟ್ಟೆಗಳ ರೆಕ್ಕೆಯಂತಲ್ಲ. ಅದು ಕಿರಿದಾದ ಒಂದು ಪಟ್ಟಿಯಂತಿದ್ದು, ಅಂಚಿನ ಸುತ್ತಲೂ ಉದ್ದವಾದ ಕೂದಲುಗಳ ಕುಚ್ಚನ್ನು ಹೊಂದಿರುವುದು. ಹಕ್ಕಿಯ ಗರಿಯನ್ನು ಅತಿ ಚಿಕ್ಕದಾಗಿ ಊಹಿಸಿಕೊಂಡರೆ ಈ ರೆಕ್ಕೆಯ ರೂಪವು ತಿಳಿಯುವುದು. ಶಾಸ್ತ್ರಜ್ಞರು ಈ ಇಡೀ ಗಣಕ್ಕೆ ಇಟ್ಟಿರುವ ಥೈಸನಾಪ್ಟೆರಾ ಎಂಬ ಗ್ರೀಕ್ ಮೂಲದ ಹೆಸರಿಗೂ ಕುಚ್ಚುರೆಕ್ಕೆಯವು ಎಂದೇ ಅರ್ಥ. ಪಾದದ ತುದಿಯಲ್ಲಿ ಉಗುರುಗಳು ಮುಂದಾಗಿ ಕಾಣುವುದಿಲ್ಲ. ಅವುಗಳ ಬದಲಿಗೆ ಉಬ್ಬಿ ಇಳಿಯುವ ಒಂದು ಸಣ್ಣ ಗುಳ್ಳೆಯುಂಟು. ಈ ಗುಳ್ಳೆಯ ಬಲದಿಂದಲೇ ಹುಳುವು ನುಣುಪಾದ ಎಲೆಯ ಮೇಲೆ ಜಾರದೆ ನಡೆಯುವುದು.

ಬಾಯಿಯ ರಚನೆಯು ಇನ್ನೂ ವಿಚಿತ್ರವಾದುದು. ಬೇರೆ ಕೀಟಗಳಿಗೆ ಎಡಬಲಗಳಲ್ಲಿ ಒಂದೊಂದು ದವಡೆಯಿದ್ದರೆ, ಥ್ರಿಪ್ಸ್‌ಗೆ ಎಡದವಡೆ ಮಾತ್ರ ಬೆಳೆದಿರುವುದು, ಬಲದವಡೆಯು ಬೆಳೆಯದೆ ನಶಿಸಿಹೋಗಿರುವುದು. ಈ ಒಂಟಿ ದವಡೆಯಿಂದ ಎಲೆಯ ಮೇಲುಪೊರೆಯನ್ನು ಚುಚ್ಚಿ, ಉಳಿದ ಬಾಯಂಗಗಳಿಂದ ಒಳಗಿನ ರಸವನ್ನು ಹೀರುವುದು. ರಸ ಹೋದ ಕಡೆ ಗಾಳಿ ತುಂಬುವುದರಿಂದ ಆ ಭಾಗವು ಮೊದಲು ಬೆಳ್ಳಿಯಂತೆ ಹೊಳೆದು ಆಮೇಲೆ ಕಂದುಬಣ್ಣಕ್ಕೆ ತಿರುಗುವುದು. ಆ ಮಚ್ಚೆಗಳ ನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅವು ಹುಳುವಿನ ಮಲ. ಇಷ್ಟನ್ನು ಕಂಡರೆ ಥ್ರಿಪ್ಸ್ ಎಂದು ಹೇಳಲು ಅಡ್ಡಿಯಿಲ್ಲ. ಯಾವ ಜಾತಿಯ ಥ್ರಿಪ್ಸ್ ಎಂಬುದು ಮುಂದಿನ ಪ್ರಶ್ನೆ.

ಇದಕ್ಕೆ ಮುಂಚೆ ಹುಳುವಿನ ವಯಸ್ಸನ್ನು ನೋಡಬೇಕು. ಮೊಟ್ಟೆಯಿಂದ ಹೊರಟ ಮರಿಯು ಎರಡು ಅವಸ್ಥೆಗಳಲ್ಲಿ ತಿನ್ನುತ್ತ ಬೆಳೆದು, ಅನಂತರ ಏನನ್ನೂ ತಿನ್ನದ ಕೋಶಾವಸ್ಥೆಗಳನ್ನು ಕಳೆದು, ರೆಕ್ಕೆಬಂದ ಹುಳುವಾಗುವುದು. ಕೋಶಾವಸ್ಥೆಯನ್ನು ಅನೇಕ ಜಾತಿಗಳು ಗಿಡದ ಬುಡದ ಮಣ್ಣಿನಲ್ಲಿ ಅಥವಾ ಉದುರಿದ ಎಲೆಗಳ ನಡುವೆ ಕಳೆಯುತ್ತವೆ. ಮರಿಗಳು ಯಾವ ಜಾತಿಯವಾದರೂ ಸಾಮಾನ್ಯವಾಗಿ ಬಿಳುಪು ಅಥವಾ ಹಳದಿಯಾಗಿ, ರೆಕ್ಕೆಯಿಲ್ಲದೆ ಒಂದೇ ರೀತಿ ಕಾಣುವುವು. ಮರಿಯನ್ನು ನೋಡಿ ಜಾತಿಯನ್ನು ನಿರ್ಧರಿಸುವುದು ಪಂಡಿತರಿಗೂ ಕಷ್ಟ. ಗುರುತಿಗೆ ಬೇಕಾದುದು ಬೆಳೆದ ಹುಳು, ಅದರಲ್ಲೂ ಹೆಣ್ಣು.

ಎರಡು ದೊಡ್ಡ ಪಂಗಡಗಳು

ಲೋಕದಲ್ಲಿ ಇದುವರೆಗೆ ಹೆಸರಿಟ್ಟಿರುವ ಥ್ರಿಪ್ಸ್ ಜಾತಿಗಳು ಸುಮಾರು ೬,೦೦೦. ಇವೆಲ್ಲವನ್ನೂ ಮೊದಲು ಎರಡು ಪಂಗಡಗಳಾಗಿ ವಿಂಗಡಿಸುವರು. ಈ ವಿಂಗಡಣೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಕನ್ನಡಿಯಿಂದ ಗ್ರಾಮದಲ್ಲಿಯೇ ಮಾಡಬಹುದು.

ನೋಡಬೇಕಾದುದು ಉದರದ ತುದಿಯನ್ನು. ಅದು ಕೊಳವೆಯಂತೆ ನೀಳವಾಗಿ ಹೊರಚಾಚಿಕೊಂಡಿದ್ದರೆ ಹುಳುವು ಕೊಳವೆಬಾಲದ ಪಂಗಡಕ್ಕೆ ಸೇರಿದುದು; ಗಂಡಿಗೂ ಹೆಣ್ಣಿಗೂ ಈ ಕೊಳವೆಯುಂಟು. ಕೊಳವೆಯಿಲ್ಲದೆ ತುದಿಯು ಮೊನಚಾಗಿದ್ದು, ಹೆಣ್ಣಿನ ಹೊಟ್ಟೆಯ ಕೆಳಗಡೆ ಗರಗಸದಂತೆ ಹಲ್ಲುಗಳುಳ್ಳ ಮೊಟ್ಟೆಯಿಡುವ ಅಲಗು ಕಂಡರೆ ಅದು ಗರಗಸದ ಪಂಗಡ. ಈ ಅಲಗಿನಿಂದ ಎಲೆಯನ್ನು ಸೀಳಿ ಮೊಟ್ಟೆಯನ್ನು ಒಳಗೆ ಇಡುವುದರಿಂದ ಗರಗಸದ ಪಂಗಡದ ಮೊಟ್ಟೆಗಳು ಹೊರಗೆ ಕಾಣುವುದಿಲ್ಲ, ಎರಚಿದ ಔಷಧವೂ ಅವುಗಳನ್ನು ಸುಲಭವಾಗಿ ಮುಟ್ಟುವುದಿಲ್ಲ. ಕೊಳವೆಬಾಲದವು ಮೊಟ್ಟೆಗಳನ್ನು ಎಲೆ ತೊಗಟೆಗಳ ಮೇಲೆಯೇ ಇಡುವುವು.

ಕುಳಿತಿರುವ ಹುಳುವಿನ ರೆಕ್ಕೆಗಳಿಂದಲೂ ಇದೇ ಭೇದವನ್ನು ಕಾಣಬಹುದು. ಗರಗಸದ ಪಂಗಡದವು ರೆಕ್ಕೆಗಳನ್ನು ಬೆನ್ನಿನ ಮೇಲೆ ಒಂದರ ಪಕ್ಕದಲ್ಲಿ ಒಂದನ್ನು ಚಾಚಿ ಇಟ್ಟುಕೊಳ್ಳುವುವು. ಕೊಳವೆಬಾಲದವು ಒಂದರ ಮೇಲೊಂದನ್ನು ಮಡಿಸಿಕೊಳ್ಳುವುವು. ಮೊದಲನೆಯವುಗಳ ಮುಂದಿನ ರೆಕ್ಕೆಯಲ್ಲಿ ನರಗಳೂ ಅವುಗಳುದ್ದಕ್ಕೂ ಬಿರುಗೂದಲುಗಳ ಸಾಲುಗಳೂ ಇರುವುವು; ಎರಡನೆಯವುಗಳ ರೆಕ್ಕೆ ನುಣುಪಾಗಿ ನರವಿಲ್ಲದೆ ಇರುವುದು.

ಬೇಸಾಯಗಾರನಿಗೆ ನಷ್ಟವನ್ನುಂಟುಮಾಡುವ ಜಾತಿಗಳಲ್ಲಿ ಹೆಚ್ಚಿನವು ಗರಗಸದ ಪಂಗಡದವು. ಕೊಳವೆಬಾಲದವುಗಳಲ್ಲಿ ಅನೇಕವು ಒಣಗಿದ ಕೊಂಬೆ ತರಗುಗಳಲ್ಲಿ ಬೂಷ್ಟನ್ನು ತಿಂದು ಬದುಕುವುವು. ಮೆಣಸಿನ ಬಳ್ಳಿಯ ಎಲೆಯಂಚನ್ನು ಕೆಳಕ್ಕೆ ಸುರುಳಿ ಸುತ್ತಿಸಿ ಅದರೊಳಗೆ ಸಂಸಾರಮಾಡುವ ಲಿಯೋಥ್ರಿಪ್ಸ್ ಕಾರ್ನಿಯೈ ಎಂಬ ಕಪ್ಪು ಹುಳುವು ಮಲೆನಾಡಿನ ತೋಟಗಾರರಿಗೆ ಪರಿಚಿತವಾದ ಕೊಳವೆಬಾಲದ ಥ್ರಿಪ್ಸ್.

ಮೆಣಸಿನಕಾಯಿ ಗಿಡದ ಮೇಲಿನ ಎರಡು ಜಾತಿಗಳು

ಗುರುತಿನ ಅವಶ್ಯಕತೆಯು ಮೆಣಸಿನಕಾಯಿ ಬೆಳೆಯಲ್ಲಿ ಸ್ಪಷ್ಟವಾಗುವಷ್ಟು ಬೇರೆಲ್ಲಿಯೂ ಆಗದು. ಈ ಗಿಡದ ಮೇಲೆ ದಕ್ಷಿಣ ದೇಶದಲ್ಲಿ ಬಹುಕಾಲದಿಂದ ಇರುವ ಜಾತಿಯು ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್. ಕೊಯಮತ್ತೂರಿನಲ್ಲಿ ಹರಳು ಮತ್ತು ಮೆಣಸಿನಕಾಯಿ ಗಿಡಗಳ ಮೇಲೆ ದೊರೆತ ಹುಳುಗಳನ್ನು ಪರೀಕ್ಷಿಸಿ ಅಮೆರಿಕಾದ ಹುಡ್ ಎಂಬ ವಿದ್ವಾಂಸರು ೧೯೧೯ರಲ್ಲಿ ಇದಕ್ಕೆ ಹೆಸರಿಟ್ಟರು. ಆ ಬಳಿಕ ೧೯೨೮ರಲ್ಲಿ ಟಿ. ವಿ. ರಾಮಕೃಷ್ಣ ಅಯ್ಯರ್ ಅವರು ಹಿಂದೂಸ್ಥಾನದ ಥ್ರಿಪ್ಸ್‌ಗಳನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿ ಈ ದೇಶದಲ್ಲಿ ಇವುಗಳ ವ್ಯಾಸಂಗಕ್ಕೆ ತಳಹದಿಯನ್ನು ಹಾಕಿದರು.

ಎರಡನೆಯದು ಹೊಸದಾಗಿ ಬಂದುದು. ಅದರ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. ಇದು ೧೯೨೨ರಲ್ಲಿ ಸಯಾಮ್ ದೇಶದ ಹುಳುಗಳಿಂದ ವರ್ಣಿತವಾದ ಜಾತಿ. ಹೆಸರಿಗೆ ಸಣ್ಣ ಮುಳ್ಳಿನದು ಎಂದು ಅರ್ಥ. ಭಾರತದಲ್ಲಿ ಇದು ಮೊದಲು ಗೊತ್ತಾದುದು ಬೆಂಗಳೂರಿನ ಪರಂಗಿಗಿಡಗಳ ಮೇಲೆ. ಆ ವರದಿಯು ಪ್ರಕಟವಾದುದು ೨೦೧೫ರಲ್ಲಿ. ಆಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ೨೦೨೧ರಲ್ಲಿ ಅದೇ ಹುಳುವು ಗುಂಟೂರು ಸೀಮೆಯ ಮೆಣಸಿನಕಾಯಿ ಹೊಲಗಳಲ್ಲಿ ಕಾಣಿಸಿಕೊಂಡು, ಆ ವರ್ಷ ಕಳೆಯುವುದರೊಳಗೆ ತೆಲಂಗಾಣ, ಬಳ್ಳಾರಿ, ರಾಯಚೂರು ಪ್ರಾಂತಗಳಿಗೂ ಹಬ್ಬಿ ಹೂವುಗಳನ್ನೆಲ್ಲ ಮುತ್ತಿತು. ಹೂವು ನಿಲ್ಲದೆ ಕಾಯಿ ಕಟ್ಟದೆ ಹೋದ ಹೊಲಗಳಲ್ಲಿ ಗಿಡಗಳನ್ನೇ ಕಿತ್ತುಹಾಕಿದವರುಂಟು. ಪ್ರತಿವರ್ಷವೂ ಬರುವ ನುಸಿಯೇ ಇದೆಂದು ಭಾವಿಸಿ ಹಳೆಯ ಔಷಧಗಳನ್ನೇ ವಾರವಾರವೂ ಎರಚಿದವರಿಗೆ ಖರ್ಚು ಬೆಳೆಯಿತೇ ಹೊರತು ಹುಳು ಕಡಿಮೆಯಾಗಲಿಲ್ಲ.

ಇವೆರಡೂ ಸುಮಾರು ಒಂದು ಮಿಲಿಮೀಟರು ಉದ್ದದ ಹುಳುಗಳೇ ಆದ್ದರಿಂದ ಗಾತ್ರದಿಂದ ಗುರುತು ಸಿಕ್ಕುವುದಿಲ್ಲ. ಮೊದಲು ಅವು ಇರುವ ಸ್ಥಳವನ್ನು ನೋಡಬೇಕು. ಹಳೆಯ ಜಾತಿಯು ಎಳೆಯ ಕುಡಿಯನ್ನೂ ಚಿಗುರೆಲೆಯನ್ನೂ ಹಿಡಿಯುವುದು. ಅದು ಹೀರಿದ ಎಲೆಗಳ ಅಂಚುಗಳು ಮೇಲಕ್ಕೆ ಮಡಿಸಿಕೊಂಡು ಎಲೆಯು ದೋಣಿಯ ಆಕಾರವನ್ನು ಹೊಂದುವುದು. ಕಾಯಿಗಳ ಮೇಲೆ ಒರಟಾದ ಕಂದು ಗೀರುಗಳು ಬೀಳುವುವು. ಬಲಿತ ಎಲೆಯ ಮೇಲೆ ಇದನ್ನು ಹುಡುಕಿದರೆ ಸಿಕ್ಕುವುದು ಅಪರೂಪ. ಹೊಸ ಜಾತಿಯ ದೊಡ್ಡ ಹುಳುಗಳು ಹೂವಿನೊಳಗೆ ಗುಂಪುಗುಂಪಾಗಿ ಸೇರುವುವು. ಅದರ ಮರಿಗಳು ಎಲೆಯ ಅಡಿಭಾಗದಲ್ಲಿಯೂ ಇರುವುವು. ಒಂದು ಹೂವನ್ನು ಕಿತ್ತು ಬಿಳಿಯ ಕಾಗದದ ಮೇಲೆ ತಟ್ಟಿದರೆ ಕರಿ ಎಳ್ಳಿನ ಪುಡಿ ಚೆಲ್ಲಿದಂತೆ ಹುಳುಗಳು ಉದುರಿ ಓಡಾಡುವುದನ್ನು ಕಾಣಬಹುದು.

ಅನಂತರ ಬಣ್ಣ. ಹಳೆಯ ಜಾತಿಯು ತಿಳಿ ಹಳದಿ. ರೆಕ್ಕೆಗಳು ಮಾತ್ರ ಮಬ್ಬುಬಣ್ಣದವಾದುದರಿಂದ ಕುಳಿತ ಹುಳುವಿನ ಬೆನ್ನಿನುದ್ದಕ್ಕೂ ಒಂದು ಮಾಸಲು ಗೆರೆ ಎಳೆದಂತೆ ಕಾಣುವುದು. ಭೂತಕನ್ನಡಿಯಲ್ಲಿ ನೋಡಿದರೆ ಹಳದಿ ಉದರದ ಮೇಲೆ ಅಡ್ಡಡ್ಡಲಾಗಿ ಸಣ್ಣ ಕಂದು ಗೆರೆಗಳೂ, ನಡುವೆ ಒಂದೊಂದು ಕಂದು ಮಚ್ಚೆಯೂ ಇರುವುವು. ಈ ಅಡ್ಡಗೆರೆಗಳು ಈ ಜಾತಿಯ ಮುಖ್ಯ ಗುರುತು. ಹೊಸ ಜಾತಿಯ ಹೆಣ್ಣು ಕಂದುಬಣ್ಣದ್ದು. ಉದರವು ಕಪ್ಪಿಗೆ ಸಮೀಪವಾದ ಕಂದು, ತಲೆಯೂ ಎದೆಯೂ ಅದಕ್ಕಿಂತ ತಿಳಿಯಾಗಿ ಅರಿಸಿನಗಂದು. ಮುಂದಿನ ರೆಕ್ಕೆಯು ಕಪ್ಪಾಗಿದ್ದು ಬುಡದಲ್ಲಿ ಮಾತ್ರ ಬೆಳ್ಳಗಿರುವುದರಿಂದ, ರೆಕ್ಕೆ ಮಡಿಸಿಕೊಂಡ ಹುಳುವಿನ ಬೆನ್ನ ಮೇಲೆ ಭುಜದ ಹತ್ತಿರ ಒಂದು ಬಿಳಿಯ ಅಡ್ಡಪಟ್ಟೆಯು ಕಾಣುವುದು. ಹಳ್ಳಿಗಳಲ್ಲಿ ಇದಕ್ಕೆ ಕಪ್ಪು ನುಸಿಯೆಂಬ ಹೆಸರು ಬಿದ್ದಿರುವುದು ಈ ಹೆಣ್ಣಿನಿಂದಲೇ.

ಇಲ್ಲಿ ಎಚ್ಚರಿಕೆಯಿರಬೇಕು. ಕಪ್ಪು ನುಸಿಯ ಗಂಡು ಕಪ್ಪಲ್ಲ. ಅದು ಹಳದಿ, ಹೆಣ್ಣಿಗಿಂತ ಚಿಕ್ಕದು. ಅದರ ಮರಿಗಳೂ ಹಳದಿ. ಒಂದೇ ಹೂವಿನಲ್ಲಿ ಕಪ್ಪು ಹುಳುವನ್ನೂ ಹಳದಿ ಹುಳುವನ್ನೂ ಕಂಡವನು ಎರಡು ಜಾತಿಗಳು ಸೇರಿ ಬಂದಿವೆಯೆಂದು ತಿಳಿಯುವುದು ಸಹಜ. ಒಂದೆರಡು ಹಳದಿ ಹುಳುಗಳನ್ನು ಮಾತ್ರ ಕಂಡವನು ಇದು ಹಳೆಯ ಜಾತಿಯೇ ಎಂದು ಸುಮ್ಮನಾಗುವುದು ಅದಕ್ಕಿಂತ ಅಪಾಯಕರ. ಹಳದಿ ಹುಳುವಿನ ಉದರದ ಮೇಲೆ ಕಂದು ಅಡ್ಡಗೆರೆಗಳು ಇವೆಯೇ ಇಲ್ಲವೇ ಎಂಬುದನ್ನು ನೋಡದೆ ತೀರ್ಮಾನಕ್ಕೆ ಬರಕೂಡದು. ಹಾಗೆಯೇ ಹೂವಿನಲ್ಲಿರುವ ಕಪ್ಪು ಥ್ರಿಪ್ಸ್ ಎಲ್ಲವೂ ಹೊಸ ಜಾತಿಯಲ್ಲ. ಕೊಳವೆಬಾಲದ ಹ್ಯಾಪ್ಲೋಥ್ರಿಪ್ಸ್‌ಗಳೂ ಅನೇಕ ಗಿಡಗಳ ಹೂವುಗಳಲ್ಲಿರುವುವು. ಬಾಲದ ಕೊಳವೆಯನ್ನು ನೋಡಿದ ಕೂಡಲೆ ಆ ಸಂದೇಹವು ಪರಿಹಾರವಾಗುವುದು.

ಸೂಕ್ಷ್ಮದರ್ಶಕ ಯಂತ್ರದ ಕೆಳಗೆ ಇನ್ನೂ ನಿಶ್ಚಯವಾದ ಲಕ್ಷಣಗಳು ತೋರುವುವು. ಹಳೆಯ ಜಾತಿಯ ಮೀಸೆಯಲ್ಲಿ ಎಂಟು ಗಿಣ್ಣುಗಳು, ಹೊಸ ಜಾತಿಯ ಮೀಸೆಯಲ್ಲಿ ಏಳು. ಹಳೆಯದರ ಎದೆಯ ಮೇಲೆ ಬಾಚಣಿಗೆಯಿಂದ ಎಳೆದಂತೆ ಒತ್ತೊತ್ತಾದ ಸಣ್ಣ ಗೀರುಗಳೂ, ಉದರದ ಪಕ್ಕಗಳಲ್ಲಿ ಸಾಲುಸಾಲಾಗಿ ನವುರುಗೂದಲುಗಳೂ ಇರುವುವು. ಹೊಸದರ ಮುಂದಿನ ರೆಕ್ಕೆಯ ಮೊದಲನೆಯ ನರದ ಮೇಲೆ ಬಿರುಗೂದಲುಗಳ ಸಾಲು ಎಲ್ಲಿಯೂ ತುಂಡಾಗದೆ ಬುಡದಿಂದ ತುದಿಯವರೆಗೆ ಸಾಗುವುದು. ಉದರದ ಎಂಟನೆಯ ಗಿಣ್ಣಿನ ಹಿಂದಿನ ಅಂಚಿನಲ್ಲಿ, ಅದೇ ಕುಲದ ಬೇರೆ ಅನೇಕ ಜಾತಿಗಳಿಗಿರುವ ಬಾಚಣಿಗೆಯಂಥ ಕೂದಲ ಸಾಲು ಇರುವುದಿಲ್ಲ. ಈ ಪರೀಕ್ಷೆಯನ್ನು ಬೇಸಾಯಗಾರನು ತಾನೇ ಮಾಡಬೇಕಾಗಿಲ್ಲ. ಆದರೆ ಪರೀಕ್ಷಿಸುವವರು ಏನನ್ನು ಎಣಿಸುವರೆಂಬುದು ತಿಳಿದಿದ್ದರೆ, ಮೀಸೆಯೂ ರೆಕ್ಕೆಯೂ ಮುರಿದುಹೋದ ಹುಳುವನ್ನು ಕಳುಹಿಸಿ ಪ್ರಯೋಜನವಿಲ್ಲವೆಂಬುದು ಮನದಟ್ಟಾಗುವುದು.

ಮೆಣಸಿನಕಾಯಿಯ ಎಲೆ ಮುರುಟುವುದೆಲ್ಲ ಥ್ರಿಪ್ಸಿನಿಂದಲೇ ಅಲ್ಲ. ಎಲೆಯ ಅಂಚು ಕೆಳಮುಖವಾಗಿ ಮಡಿಸಿಕೊಂಡು, ತೊಟ್ಟು ಉದ್ದವಾಗಿ, ಎಲೆಯು ಬೋರಲು ಹಾಕಿದ ದೋಣಿಯಂತಾಗಿದ್ದರೆ ಅದು ಮೈಟ್ ನುಸಿಯ ಕೆಲಸ. ಎಲೆಗಳು ಚಿಕ್ಕವಾಗಿ ಹಳದಿ ತಿರುಗಿ ಗೊಂಚಲು ಕಟ್ಟಿಕೊಂಡಿದ್ದು, ಹುಡುಕಿದರೂ ನುಸಿ ಸಿಕ್ಕದಿದ್ದರೆ ಬಿಳಿನೊಣದಿಂದ ಹರಡುವ ನಂಜುರೋಗವನ್ನು ಶಂಕಿಸಬೇಕು. ಒಂದೇ ಗಿಡದಲ್ಲಿ ಈ ಮೂರೂ ಇರುವುದುಂಟು. ಥ್ರಿಪ್ಸಿಗೆಂದು ಕೆಲವು ಬಗೆಯ ಔಷಧಗಳನ್ನು ಮೇಲಿಂದ ಮೇಲೆ ಎರಚಿದ ಹೊಲದಲ್ಲಿ, ಮೈಟ್‌ಗಳನ್ನು ತಿನ್ನುವ ಜೀವಿಗಳು ನಾಶವಾಗಿ ಮೈಟ್ ಹೆಚ್ಚುವುದೂ ಕಂಡುಬಂದಿದೆ.

ಜಾತಿ ಗೊತ್ತಾದ ಮೇಲೆ ಮಾಡಬೇಕಾದುದು ಬೇರೆಬೇರೆ. ಹಳೆಯ ಜಾತಿಗೆ ಕುಡಿಯನ್ನು ಕಾಯಬೇಕು. ಆದ್ದರಿಂದ ಸಸಿಯನ್ನು ಕಿತ್ತುನೆಟ್ಟ ದಿನದಿಂದ ಚಿಗುರಿನ ಮೇಲೆ ದೃಷ್ಟಿಯಿರಬೇಕು. ಹೊಸ ಜಾತಿಗೆ ಹೂವು ಬಿಡುವ ಕಾಲವೇ ಮುಖ್ಯ. ಹೊಲದ ಸುತ್ತ ಜೋಳ ಅಥವಾ ಮೆಕ್ಕೆಜೋಳದ ಎರಡು ಮೂರು ಸಾಲುಗಳನ್ನು ಬಿತ್ತುವುದರಿಂದಲೂ, ಅಂಟು ಹಚ್ಚಿದ ನೀಲಿ ಹಲಗೆಗಳನ್ನು ಗಿಡದ ಎತ್ತರಕ್ಕೆ ನಿಲ್ಲಿಸುವುದರಿಂದಲೂ ಹುಳುವಿನ ಬರವನ್ನು ತಡೆಯಲು ಮತ್ತು ಮುಂಚೆಯೇ ತಿಳಿಯಲು ಅನುಕೂಲವಾಗುವುದು. ಒಂದೇ ಔಷಧವನ್ನು ಮತ್ತೆಮತ್ತೆ ಎರಚುವುದು, ನಾಲ್ಕಾರನ್ನು ಒಂದೇ ಡಬ್ಬದಲ್ಲಿ ಕಲಸುವುದು, ಇವೆರಡನ್ನೂ ಬಿಡತಕ್ಕದ್ದು.

ಕಡಲೆಕಾಯಿ ಮತ್ತು ಈರುಳ್ಳಿ

ಹೆಸರು ತಪ್ಪಿದರೆ ಎಷ್ಟು ವರ್ಷ ದಾರಿ ತಪ್ಪುವುದೆಂಬುದಕ್ಕೆ ಕಡಲೆಕಾಯಿಯ ಕುಡಿ ಒಣಗುವ ನಂಜುರೋಗವು ನಿದರ್ಶನ. ಈ ರೋಗದಲ್ಲಿ ಎಳೆಯ ಎಲೆಗಳ ಮೇಲೆ ತಿಳಿಬಣ್ಣದ ಉಂಗುರಗಳು ಬಿದ್ದು, ತುದಿಯ ಕುಡಿಯು ಸತ್ತು, ಗಿಡವು ಗಿಡ್ಡಾಗಿ ಪಕ್ಕದ ಕವಲುಗಳನ್ನು ಒಡೆಯುವುದು. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಥ್ರಿಪ್ಸ್ ಎಂಬುದು ಮೊದಲೇ ತಿಳಿದಿತ್ತು. ಆದರೆ ಆರಂಭದಲ್ಲಿ ಈ ದೋಷವನ್ನು ಹೊರಿಸಿದ್ದು ಫ್ರ್ಯಾಂಕ್ಲಿನಿಯೆಲ್ಲಾ ಷುಲ್ಟ್ಜಿಯೈ ಮತ್ತು ಮೇಲೆ ಹೇಳಿದ ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್ ಎಂಬ ಜಾತಿಗಳ ಮೇಲೆ. ೧೯೯೦ರ ದಶಕದ ಹೊತ್ತಿಗೆ ಹುಳುಗಳನ್ನು ಜಾತಿಜಾತಿಯಾಗಿ ಬೇರ್ಪಡಿಸಿ ಪರೀಕ್ಷಿಸಿದಾಗ, ನಿಜವಾದ ವಾಹಕವು ಥ್ರಿಪ್ಸ್ ಪಾಮಿ ಎಂಬ ಬೇರೊಂದು ಹುಳುವೆಂದು ಸ್ಥಿರಪಟ್ಟಿತು.

ಥ್ರಿಪ್ಸ್ ಪಾಮಿ ೧೯೨೫ರಲ್ಲಿ ಸುಮಾತ್ರಾ ದ್ವೀಪದ ಹೊಗೆಸೊಪ್ಪಿನ ಗಿಡಗಳಿಂದ ವರ್ಣಿತವಾದುದು. ಹೆಸರನ್ನು ನೋಡಿ ತಾಳೆ ತೆಂಗುಗಳ ಹುಳುವೆಂದು ತಿಳಿಯಬಾರದು. ಅದು ಪಾಮ್ ಎಂಬುವರ ಹೆಸರು. ಹುಳುವು ಮೈಯೆಲ್ಲ ಶುದ್ಧ ಹಳದಿ, ರೆಕ್ಕೆಯೂ ತಿಳಿಯಾದುದು, ಉದರದ ಮೇಲೆ ಕಂದು ಅಡ್ಡಗೆರೆಗಳಿಲ್ಲ. ಮೀಸೆಯ ಗಿಣ್ಣುಗಳು ಏಳು. ಫ್ರ್ಯಾಂಕ್ಲಿನಿಯೆಲ್ಲಾ ಜಾತಿಗೆ ಎಂಟು ಗಿಣ್ಣುಗಳಿದ್ದು, ಎದೆಯ ಮುಂದಿನ ಅಂಚಿನಲ್ಲಿಯೂ ಹಿಂದಿನ ಮೂಲೆಗಳಲ್ಲಿಯೂ ಉದ್ದವಾದ ಬಿರುಗೂದಲುಗಳಿರುವುವು. ಥ್ರಿಪ್ಸ್ ಕುಲದವುಗಳಿಗೆ ಮುಂದಿನ ಅಂಚಿನ ಉದ್ದಗೂದಲುಗಳಿಲ್ಲ.

ಈರುಳ್ಳಿಯ ಥ್ರಿಪ್ಸ್ ಟಬಾಸಿ ಇದಕ್ಕೆ ಬಹು ಹತ್ತಿರದ ನೆಂಟ. ಹೆಸರು ಹೊಗೆಸೊಪ್ಪಿನಿಂದ ಬಂದಿದ್ದರೂ ಈ ದೇಶದಲ್ಲಿ ಇದರ ಹಾವಳಿಯು ಈರುಳ್ಳಿ ಬೆಳ್ಳುಳ್ಳಿಗಳಲ್ಲಿಯೇ ಹೆಚ್ಚು. ಎಲೆಗಳು ಕೂಡುವ ಕತ್ತಿನ ಸಂದಿಯಲ್ಲಿ ಅಡಗಿದ್ದು ಎಲೆಗಳನ್ನು ಬೆಳ್ಳಿಗೀರುಗಳಿಂದ ತುಂಬುವುದು. ಇದರ ಬಣ್ಣವನ್ನು ನಂಬುವಂತಿಲ್ಲ. ಕೆಲವು ಹಳದಿ, ಕೆಲವು ಕಂದು. ತಂಪಾದ ಕಾಲದಲ್ಲಿ ಬೆಳೆದವು ಹೆಚ್ಚು ಕಪ್ಪಾಗಿರುವುವು. ಹಳದಿಯಾದ ಟಬಾಸಿಯನ್ನೂ ಪಾಮಿಯನ್ನೂ ಬೇರ್ಪಡಿಸಲು ತಲೆಯ ಮೇಲೆ ಎರಡು ದೊಡ್ಡ ಕಣ್ಣುಗಳ ನಡುವೆ ಇರುವ ಮೂರು ಕಿರುಗಣ್ಣುಗಳನ್ನು ನೋಡಬೇಕು. ಅವು ಪಾಮಿಯಲ್ಲಿ ಕೆಂಪು, ಟಬಾಸಿಯಲ್ಲಿ ಬೂದುಬಣ್ಣ. ಇದಕ್ಕೂ ಖಚಿತವಾದ ಗುರುತೆಂದರೆ, ಉದರದ ಎರಡನೆಯ ಗಿಣ್ಣಿನ ಪಕ್ಕದ ಅಂಚಿನಲ್ಲಿ ಪಾಮಿಗೆ ನಾಲ್ಕು ಬಿರುಗೂದಲು, ಟಬಾಸಿಗೆ ಮೂರು. ಒಂದು ಕೂದಲಿನ ಈ ವ್ಯತ್ಯಾಸವನ್ನು ಕೇಳಿ ನಗುವವರುಂಟು. ಕಡಲೆಕಾಯಿ ಹೊಲಕ್ಕೆ ರೋಗ ತರುವ ಹುಳುವನ್ನೂ ತರದ ಹುಳುವನ್ನೂ ಬೇರ್ಪಡಿಸುವುದು ಇಂಥ ಕೂದಲುಗಳೇ.

ನಂಜನ್ನು ಹೊತ್ತೊಯ್ಯುವ ಕ್ರಮವೂ ಗಮನಾರ್ಹ. ರೋಗದ ಗಿಡದ ರಸವನ್ನು ಮರಿಯಾಗಿದ್ದಾಗ ಹೀರಿದ ಹುಳುವು ಮಾತ್ರ ಬೆಳೆದ ಮೇಲೆ ರೋಗವನ್ನು ಹರಡಬಲ್ಲದು. ಬೆಳೆದ ಮೇಲೆ ಮೊದಲ ಸಲ ರೋಗದ ಗಿಡವನ್ನು ತಿಂದ ಹುಳುವು ಹರಡಲಾರದು. ರೋಗವು ಬಹುಮಟ್ಟಿಗೆ ಹೊರಗಿನ ಕಳೆಗಿಡಗಳಲ್ಲಿ ಹುಟ್ಟಿ ಬೆಳೆದು ಹಾರಿಬರುವ ಹುಳುಗಳಿಂದ ಬರುವುದರಿಂದ, ಹೊಲದೊಳಗೆ ಔಷಧ ಎರಚುವುದು ಅಷ್ಟಾಗಿ ಫಲಿಸುವುದಿಲ್ಲ. ಒತ್ತಾಗಿ ಬಿತ್ತಿ ನೆಲವನ್ನು ಬೇಗನೆ ಮುಚ್ಚಿಸಿದ ಹೊಲದಲ್ಲಿ ರೋಗದ ಪ್ರಮಾಣವು ಕಡಿಮೆಯಾಗಿರುವುದು.

ಬತ್ತ ಮತ್ತು ಏಲಕ್ಕಿ

ಬತ್ತದ ಒಟ್ಟಲುಪಾತಿಯಲ್ಲಿ ಎಲೆಯ ತುದಿಯು ಸೂಜಿಯಂತೆ ಸುರುಳಿ ಸುತ್ತಿ ಹಳದಿಯಾದರೆ ಸ್ಟೆಂಕೀಟೋಥ್ರಿಪ್ಸ್ ಬೈಫಾರ್ಮಿಸ್ ಎಂಬ ಕರಿಗಂದು ಹುಳುವನ್ನು ಹುಡುಕಬೇಕು. ಅಂಗೈಯನ್ನು ನೀರಿನಲ್ಲಿ ಅದ್ದಿ ಸಸಿಗಳ ಮೇಲೆ ಹಲವು ಸಲ ಆಡಿಸಿದರೆ ಹುಳುಗಳು ಕೈಗೆ ಹತ್ತುವುವು. ಹೆಚ್ಚಾಗಿ ಕಂಡರೆ ಪಾತಿಗೆ ನೀರು ತುಂಬಿ ಸಸಿಗಳನ್ನು ಒಂದೆರಡು ದಿವಸ ಬಿಟ್ಟುಬಿಟ್ಟು ಮುಳುಗಿಸಿದರೆ ಅನೇಕವು ಸಾಯುವುವು. ತೆನೆಬಿಟ್ಟ ಬತ್ತದ ಹೂವಿನಲ್ಲಿ ಸಿಕ್ಕುವ ಕಪ್ಪು ಹುಳುವು ಬೇರೆ. ಅದು ಕೊಳವೆಬಾಲದ ಹ್ಯಾಪ್ಲೋಥ್ರಿಪ್ಸ್ ಗ್ಯಾಂಗಲ್‌ಬೌಯರಿ.

ಏಲಕ್ಕಿಕಾಯಿಯ ಮೇಲೆ ಕಜ್ಜಿಯಂತೆ ಒರಟು ಏಳಲು ಕಾರಣವಾದುದು ಸಿಯೋಥ್ರಿಪ್ಸ್ ಕಾರ್ಡಮೋಮಿ. ಇದನ್ನು ರಾಮಕೃಷ್ಣ ಅಯ್ಯರ್ ಅವರೇ ೧೯೩೫ರಲ್ಲಿ ವರ್ಣಿಸಿದರು. ಕಂದುಬಣ್ಣದ ಈ ಹುಳುವು ಎಲೆಯ ತಾಳಿನ ಒಳಗೂ ಹೂಗೊಂಚಲಿನ ಸಿಪ್ಪೆಗಳ ಮರೆಯಲ್ಲೂ ಇರುವುದರಿಂದ, ಒಣಗಿದ ಎಲೆ ತಾಳುಗಳನ್ನು ಬಿಡಿಸಿ ನೋಡದೆ ಹುಳುವಿಲ್ಲವೆಂದು ಹೇಳುವುದು ಸರಿಯಲ್ಲ.

ಉಪಕಾರಿಗಳಾದ ಥ್ರಿಪ್ಸ್

ಥ್ರಿಪ್ಸ್ ಎಂದರೆ ಶತ್ರುವೇ ಎಂದು ತಿಳಿಯುವುದು ತಪ್ಪು. ಸ್ಕೋಲೋಥ್ರಿಪ್ಸ್ ಎಂಬ ಕುಲದವು ಮೈಟ್‌ಗಳನ್ನು ತಿಂದು ಬದುಕುವುವು. ತಿಳಿ ಹಳದಿ ಮೈ, ಉದ್ದವಾದ ಬಿರುಗೂದಲುಗಳು, ಬಿಳಿಯ ರೆಕ್ಕೆಯ ಮೇಲೆ ಎರಡು ಮೂರು ಕಪ್ಪು ಮಚ್ಚೆಗಳು ಇವುಗಳ ಗುರುತು. ಫ್ರ್ಯಾಂಕ್ಲಿನೋಥ್ರಿಪ್ಸ್ ಎಂಬುದು ಸೊಂಟ ಸಣ್ಣಗಾಗಿ ಇರುವೆಯಂತೆ ಓಡಾಡುವುದು. ಅದರ ಆಹಾರ ಬೇರೆ ಥ್ರಿಪ್ಸ್‌ಗಳ ಮರಿಗಳು. ಹೂವುಗಳಲ್ಲಿ ಕಾಣುವ ಓರಿಯಸ್ ಎಂಬ ಸಣ್ಣ ತಿಗಣೆಯ ಕಿತ್ತಳೆಬಣ್ಣದ ಮರಿಗಳನ್ನೂ ಥ್ರಿಪ್ಸ್ ಎಂದು ಭ್ರಮಿಸುವುದುಂಟು. ಅವು ಮೊಂಡಾಗಿ ದುಂಡಾಗಿರುವುವು, ಕೆಳಗೆ ಮಡಿಸಿದ ಸೂಜಿಯಂಥ ಮೂತಿಯುಂಟು. ಅವು ಥ್ರಿಪ್ಸನ್ನು ಹೀರಿ ಕೊಲ್ಲುವ ಮಿತ್ರರು. ಹೂವನ್ನು ತಟ್ಟಿದಾಗ ಇವು ಹೆಚ್ಚಾಗಿ ಬಿದ್ದರೆ ಔಷಧವನ್ನು ಕೆಲವು ದಿನ ತಡೆಹಿಡಿದು ನೋಡುವುದು ಲಾಭಕರ.

ಹುಳುಗಳನ್ನು ಹಿಡಿದು ಕಳುಹಿಸುವ ಕ್ರಮ

ಬೆಳಗಿನ ಹೊತ್ತಿನಲ್ಲಿ ಹೊಲದ ನಾಲ್ಕಾರು ಕಡೆ ಕುಡಿಗಳನ್ನೂ ಹೂವುಗಳನ್ನೂ ಬೇರೆಬೇರೆಯಾಗಿ ಕಾಗದದ ಮೇಲೆ ತಟ್ಟಬೇಕು. ಕಪ್ಪು ಹುಳುಗಳಿಗೆ ಬಿಳಿಯ ಕಾಗದವೂ ಹಳದಿ ಹುಳುಗಳಿಗೆ ಕಪ್ಪು ಕಾಗದವೂ ಅನುಕೂಲ. ಬಿದ್ದ ಹುಳುಗಳನ್ನು ಬೆರಳಿನಿಂದ ಹಿಡಿಯಕೂಡದು. ಹಿಡಿದರೆ ಮೀಸೆ ರೆಕ್ಕೆಗಳು ಮುರಿಯುವುವು. ಚಿತ್ರ ಬರೆಯುವ ಸಣ್ಣ ಕುಂಚವನ್ನು ಒದ್ದೆಮಾಡಿ ಅದರ ತುದಿಯಿಂದ ಎತ್ತಿ, ನೂರಕ್ಕೆ ಅರವತ್ತು ಎಪ್ಪತ್ತು ಪಾಲು ಮದ್ಯಸಾರವಿರುವ ಸಣ್ಣ ಸೀಸೆಗೆ ಬಿಡಬೇಕು. ಒಂದು ಬೆಳೆಯ ಹುಳುವನ್ನು ಇನ್ನೊಂದು ಬೆಳೆಯ ಹುಳುವಿನೊಡನೆ, ಹೂವಿನದನ್ನು ಕುಡಿಯದರೊಡನೆ ಬೆರಸಬಾರದು. ಹತ್ತಿಪ್ಪತ್ತು ಬೆಳೆದ ಹುಳುಗಳಿದ್ದರೆ ಪರೀಕ್ಷೆಗೆ ಸಾಕು. ಕಪ್ಪು ಹಳದಿ ಎರಡೂ ಬಣ್ಣದವು ಇದ್ದರೆ ಎರಡನ್ನೂ ಹಾಕಬೇಕು. ಅಂಟುಹಲಗೆಗೆ ಹತ್ತಿದ ಹುಳುಗಳು ಲೆಕ್ಕಕ್ಕೆ ಆಗುವುವು, ಗುರುತಿಗೆ ಸಾಮಾನ್ಯವಾಗಿ ಆಗುವುದಿಲ್ಲ.

ಸೀಸೆಯೊಳಗೆ ಒಂದು ಸಣ್ಣ ಚೀಟಿಯನ್ನು ಹಾಕತಕ್ಕದ್ದು. ಅದರಲ್ಲಿ ಗ್ರಾಮ, ತಾಲ್ಲೂಕು, ತಾರೀಖು, ಬೆಳೆ, ಹುಳು ಸಿಕ್ಕ ಭಾಗ, ಹಿಂದಿನ ಹದಿನೈದು ದಿನಗಳಲ್ಲಿ ಎರಚಿದ ಔಷಧದ ಹೆಸರು, ಇಷ್ಟನ್ನೂ ಸೀಸದಕಡ್ಡಿಯಿಂದ ಬರೆಯಬೇಕು. ಶಾಯಿಯ ಬರಹವು ಮದ್ಯಸಾರದಲ್ಲಿ ಕರಗಿಹೋಗುವುದು. ಈ ಸೀಸೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕವಾಗಲಿ, ಬೆಂಗಳೂರು, ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾನಿಲಯಗಳ ಕೀಟಶಾಸ್ತ್ರ ವಿಭಾಗಕ್ಕಾಗಲಿ ತಲಪಿಸಬಹುದು. ಅಲ್ಲಿ ಹುಳುವನ್ನು ತಿಳಿಗೊಳಿಸಿ ಗಾಜಿನ ಪಟ್ಟಿಯ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವರು. ಈ ಕೆಲಸಕ್ಕೆ ಕೆಲವು ದಿನಗಳು ಹಿಡಿಯುವುದರಿಂದ, ಗ್ರಾಮದಲ್ಲಿ ಹತ್ತಾರು ಜನರು ಒಂದೇ ಬೆಳೆಯನ್ನು ಬೆಳೆಯುವ ಕಡೆ ಮುಖಂಡರು ಮುಂದೆ ನಿಂತು ಹೂವು ಕಾಣಿಸುವ ಮೊದಲೇ ಒಂದು ಸೀಸೆಯನ್ನೂ, ಹೂವು ಬಂದ ಮೊದಲನೆಯ ವಾರದಲ್ಲಿ ಮತ್ತೊಂದನ್ನೂ ಕಳುಹಿಸುವ ಏರ್ಪಾಡು ಮಾಡತಕ್ಕದ್ದು. ಹತ್ತು ಪಟ್ಟಿನ ಭೂತಕನ್ನಡಿ ಒಂದು, ಕುಂಚ ಒಂದು, ಅರ್ಧ ಡಜನ್ ಸೀಸೆಗಳು ಗ್ರಾಮಕ್ಕೆಲ್ಲ ಸಾಕಾಗುವುವು. ಇವುಗಳನ್ನು ಗ್ರಾಮ ಪಂಚಾಯಿತಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಇಟ್ಟು, ಕೇಳಿದವರಿಗೆ ಕೊಟ್ಟು ಹಿಂದಕ್ಕೆ ಪಡೆಯಬಹುದು.